ಕೂಡದ ಸುತ್ತು

ಕೋಲ್ಕತ್ತ
12 ಜೂನ್ 2005

ಪ್ರೀತಿಯ ಅಣ್ಣನಿಗೆ,

ನಾನು ಚೆನ್ನಾಗಿದ್ದೇನೆ. ಇಲ್ಲಿಯ ಸಾಸಿವೆ ಎಣ್ಣೆಗೂ ನನಗೂ ಮಾತ್ರ ಇನ್ನೂ ಹೊಂದಿಕೆಯಾಗಿಲ್ಲ. ಅಮ್ಮನಿಗೂ ಶ್ರೀವಾಣಿ ವೈನಿಗೂ ನನ್ನ ನಮಸ್ಕಾರ ಹೇಳು.

ಸಂಡೂರಿನ ಗಣಿ ಕಂಪನಿಗೆ ಸರ್ವೇಯರ್ ಆಗಿ ಸೇರಿದ ಈ ಎರಡು ವರ್ಷದಲ್ಲಿ ನೀನು ಬರೆದದ್ದು ಒಟ್ಟು ನಾಲ್ಕು ಕಾಗದ. ಮೂರರಲ್ಲಿ ಕ್ಷೇಮ ಸಮಾಚಾರ, ನಾಲ್ಕನೆಯದರಲ್ಲಿ ಒಂದು ಪ್ರಶ್ನೆ! "ನೀನು ಅಲ್ಲಿ ಮಾಡುತ್ತಿರುವ ಸಂಶೋಧನೆ ಏನು, ಅಮ್ಮನಿಗೂ ತಿಳಿಯುವ ಹಾಗೆ ಬರಿ" ಅಂದಿದ್ದೀಯ. ಅಮ್ಮನ ಹೆಸರು ಹೇಳಿ ನೀನೇ ಕೇಳುತ್ತಿದ್ದೀಯ ಅಂತ ನನಗೆ ಗೊತ್ತು. ಗಣಿತ ಓದಬೇಕಾಗಿದ್ದವನು ನೀನು. ಅಪ್ಪ ತೀರಿಕೊಂಡ ವರ್ಷ ಡಿಪ್ಲೊಮಾ ಸೇರಿ ಟೇಪು ಹಿಡಿದೆ. ಈ ಮಾತು ಎತ್ತಿದರೆ ನಿನಗೆ ಸಿಟ್ಟು ಬರುತ್ತದೆ, ಬರಲಿ.

ಹೊಸಪೇಟೆಯ ಮನೆಯ ಬಚ್ಚಲಲ್ಲಿ ತಂತಿಯ ಬಳೆಯನ್ನು ಅಂಟುವಾಳದ ನೊರೆಗೆ ಅದ್ದಿ ಎತ್ತುತ್ತಿದ್ದೆವಲ್ಲ? ಬಳೆಯನ್ನು ನೀನು ಸೊಟ್ಟ ಮಾಡಿದರೆ ಒಳಗಿನ ಪೊರೆಯೂ ಕುದುರೆಯ ಜೀನಿನ ಹಾಗೆ ಬಾಗುತ್ತಿತ್ತು. ಪೊರೆ ಭಾರಿ ಜಿಪುಣ. ಕೊಟ್ಟ ಅಂಚಿಗೆ ಎಷ್ಟು ಬೇಕೋ ಅಷ್ಟೇ ಹರಡಿಕೊಳ್ಳುತ್ತದೆ, ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಅದನ್ನು ನಾವು ಕನಿಷ್ಠ ಮೇಲ್ಮೈ ಅನ್ನುತ್ತೇವೆ. ಅಂಥ ಒಂದು ತುಂಡಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಜೋಡಿಸುತ್ತ ಹೋದರೆ ಎಲ್ಲಾ ದಿಕ್ಕಿಗೂ ಒಂದೇ ವಿನ್ಯಾಸ ಮರುಕಳಿಸುತ್ತದೆ. ಸುರಂಗಗಳ ಮೇಲೆ ಸುರಂಗ. ಪೊರೆಯ ಈ ಕಡೆ ಒಂದು ಸುರಂಗಜಾಲ, ಆ ಕಡೆ ಇನ್ನೊಂದು. ಒಂದರೊಳಗೆ ಸಿಕ್ಕವನು ಎಷ್ಟು ನಡೆದರೂ ಇನ್ನೊಂದರೊಳಗೆ ಕಾಲಿಡಲಾರ.

ಇಷ್ಟೆಲ್ಲ ಬೇರೆಯವರು ಕಂಡುಹಿಡಿದದ್ದು. ನನ್ನ ಕೆಲಸ ಇದರೊಳಗಿನ ತಪ್ಪುಗಳದ್ದು. ಒಂದು ಸಾಲು ಎಲ್ಲೋ ನಡುವೆ ಹೆಚ್ಚಾಗಿ ತೂರಿಕೊಂಡರೆ ಸುತ್ತಲಿನ ಪೊರೆ ಹೇಗೆ ಹೊಂದಿಕೊಳ್ಳುತ್ತದೆ ಅನ್ನುವುದು. ಅರ್ಥವಾಗದಿದ್ದರೆ ಅಪ್ಪನ ಬೆತ್ತದ ಕುರ್ಚಿ ನೋಡು. ಹದಿನಾಲ್ಕನೇ ವಯಸ್ಸಿನಲ್ಲಿ ನೀನೇ ಹೆಣೆದದ್ದು. ನಡುವೆ ಒಂದು ಎಳೆ ಹೆಚ್ಚು ತೂರಿಸಿ, ಅದನ್ನು ಎಲ್ಲಿಗೆ ಒಯ್ಯಬೇಕೋ ತಿಳಿಯದೆ ಅಲ್ಲೇ ಕತ್ತರಿಸಿದ್ದೆ. ಆ ಜಾಗದ ಸುತ್ತ ಹೆಣಿಗೆಯ ಹತ್ತು ಕಣ್ಣು ಬಲಕ್ಕೆ, ಹತ್ತು ಮೇಲಕ್ಕೆ, ಹತ್ತು ಎಡಕ್ಕೆ, ಹತ್ತು ಕೆಳಕ್ಕೆ ಎಣಿಸು. ಹೊರಟ ಕಣ್ಣಿಗೆ ವಾಪಸು ಬರುವುದಿಲ್ಲ, ಒಂದು ಕಣ್ಣು ಆಚೆ ಹೋಗಿ ನಿಲ್ಲುತ್ತೀಯ. ಒಳಗೆ ತಪ್ಪಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಪಾಪ ಅಪ್ಪ, ಕೊನೆಯವರೆಗೂ ಅದರ ಮೇಲೇ ಕೂತರು.

ನಿನ್ನ
ಹರಿಪ್ರಿಯಾ


ಸಂಡೂರು
3 ಜುಲೈ 2005

ಚಿ. ಹರಿಪ್ರಿಯಾಳಿಗೆ ಆಶೀರ್ವಾದ.

ಕಾಗದ ಕೆಂಪಗೆ ಕಂಡರೆ ಗಾಬರಿಯಾಗಬೇಡ. ಅದಿರಿನ ಧೂಳು. ಅಮ್ಮನ ಮಡಿ ಸೀರೆಯೂ ಈಗ ಇದೇ ಬಣ್ಣ. ಫೋನ್ ಯಾಕೆ ಮಾಡುವುದಿಲ್ಲ ಅಂತ ನೀನು ಕೇಳಬಹುದು, ಗುಡ್ಡದ ಮೇಲೆ ಮೊಬೈಲ್ ಸಿಗ್ನಲ್ ಇಲ್ಲ, ಆಫೀಸಿನ ಫೋನಿನಲ್ಲಿ ಮಾತಾಡಿದರೆ ಹತ್ತು ಜನ ಕೇಳುತ್ತಾರೆ. ಕಂಪನಿ ಕ್ವಾರ್ಟರ್ಸಿನ ಗೇಟಿನಲ್ಲಿ ಹೊರಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೆಸರು ಬರೆಯಬೇಕು. ಅಮ್ಮ ದೇವಸ್ಥಾನಕ್ಕೆ ಹೋಗುವಾಗಲೂ ಬರೆಯುತ್ತಾಳೆ. "ಯಮನ ಮನ್ಯಾಗೂ ಇಷ್ಟು ಕೇಳಂಗಿಲ್ಲೋ" ಅಂತಾಳೆ.

ಕುರ್ಚಿಯ ಕಣ್ಣು ಎಣಿಸಿದೆ. ನೀನು ಹೇಳಿದ ಹಾಗೇ ಒಂದು ಕಣ್ಣು ತಪ್ಪಿತು. ಶ್ರೀವಾಣಿ ನನಗೆ ಹುಚ್ಚು ಹಿಡಿಯಿತೆಂದುಕೊಂಡಳು.

ನಮ್ಮಲ್ಲೂ ಇಂಥದ್ದು ಉಂಟು. ಅಭ್ಯಾಸಕ್ಕೆಂದು ಒಂದು ಹಳೆಯ ಸ್ಕೆಚ್ಚು ತೆಗೆದುಕೊಂಡು ಕೂತಿದ್ದೇನೆ. ಒಂದು ಜಾಗದ ಸುತ್ತ ಇಪ್ಪತ್ತಮೂರು ಗಡಿ ಕಲ್ಲು. ಈ ಕಲ್ಲಿನಿಂದ ಆ ಕಲ್ಲಿಗೆ ಇಷ್ಟು ಮೀಟರು, ಈ ದಿಕ್ಕಿಗೆ ಅಂತ ಬರೆದಿದೆ. ಎಲ್ಲವನ್ನೂ ಕೂಡುತ್ತ ಹೋದರೆ ಹೊರಟ ಕಲ್ಲಿಗೇ ವಾಪಸು ಬರಬೇಕು. ಗೇಣು, ಮೊಳ ವ್ಯತ್ಯಾಸ ಬಂದರೆ ಎಲ್ಲಾ ಕಲ್ಲಿಗೂ ಚೂರು ಚೂರು ಹಂಚಿಬಿಡುತ್ತೇವೆ. ಇದು ಹಾಗಲ್ಲ. ನಲವತ್ತು ಮೀಟರು ಪೂರ್ವಕ್ಕೆ ಹೋಗಿ ನಿಲ್ಲುತ್ತದೆ. ನಿನ್ನ ಗಣಿತ ಇದಕ್ಕೆ ಏನನ್ನುತ್ತದೆ?

ತುರ್ತೇನೂ ಇಲ್ಲ. ಆದರೆ ಜಲ್ದಿ ಬರಿ.

ಪ್ರಾಣೇಶ


ಕೋಲ್ಕತ್ತ
21 ಜುಲೈ 2005

ಅಣ್ಣಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂವತ್ತೆಂಟನೇ ವಯಸ್ಸಿನಲ್ಲಿ, ದಿನವಿಡೀ ಬಿಸಿಲಲ್ಲಿ ಅಳೆದು ಬಂದು, ಅಭ್ಯಾಸಕ್ಕೆಂದು ಹಳೆಯ ಸ್ಕೆಚ್ಚು ಬಿಡಿಸುತ್ತ ಕೂರುವವನು ನೀನೊಬ್ಬನೇ ಇರಬೇಕು. ನನಗೆ ಕಣ್ಣೀರೇ ಬಂತು.

ಹೊರಗಿನ ಸುತ್ತು ನಿನಗೆ ತಪ್ಪಿನ ಗಾತ್ರವನ್ನು, ದಿಕ್ಕನ್ನು ಹೇಳಿತು. ಅದು ಎಲ್ಲಿದೆ ಅಂತ ಹೇಳುವುದಿಲ್ಲ. ಜಾಗವನ್ನು ಎರಡಾಗಿ ಸೀಳಿ ಎರಡು ಚಿಕ್ಕ ಸುತ್ತು ನಡೆ. ಯಾವುದು ಕೂಡುವುದಿಲ್ಲವೋ ಅದನ್ನು ಮತ್ತೆ ಸೀಳು. ಹಾಗೆ ಬೆನ್ನು ಹತ್ತಿದರೆ ಸಿಕ್ಕೇ ಸಿಗುತ್ತದೆ.

ಆದರೆ ಸಿಕ್ಕಿತು ಅಂತ ಇದ್ದಲ್ಲೇ ಅಳಿಸಲು ಆಗುವುದಿಲ್ಲ. ನನ್ನ ಪಿಎಚ್.ಡಿ. ಪ್ರಬಂಧದ ಜೀವವೇ ಈ ಮಾತು. ಪೊರೆಯೊಳಗಿನ ಒಂಟಿ ತಪ್ಪನ್ನು ನೀನು ಎಷ್ಟು ಸವರಿದರೂ ಅದು ಅತ್ತಿತ್ತ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ. ಒಂದೋ ಅದನ್ನು ಒಂದೊಂದೇ ಸಾಲು ದಾಟಿಸುತ್ತ ಅಂಚಿನವರೆಗೆ ಒಯ್ದು ಹೊರಗೆ ಹಾಕಬೇಕು. ಅದು ಬಹಳ ಕಷ್ಟ, ದಾರಿಯುದ್ದಕ್ಕೂ ಎಲ್ಲವನ್ನೂ ಅಲುಗಿಸಬೇಕು. ಇಲ್ಲವೇ ಅದಕ್ಕೆ ಸರಿಯಾಗಿ ವಿರುದ್ಧವಾದ ಇನ್ನೊಂದು ತಪ್ಪನ್ನು ಎದುರಿಗೆ ಇಟ್ಟುಬಿಡಬೇಕು. ಆಗ ಹೊರಸುತ್ತು ಚೆಂದಾಗಿ ಕೂಡಿಬಿಡುತ್ತದೆ. ಹೊರಗಿನಿಂದ ನೋಡುವವನಿಗೆ ಒಳಗೆ ಏನೂ ಆಗಿಲ್ಲ! ನಾಲ್ಕನೇ ಅಧ್ಯಾಯ ಪೂರ್ತಿ ಇದೇ.

ನಿನ್ನ ನಲವತ್ತು ಮೀಟರನ್ನು ನನ್ನ ಪ್ರಬಂಧದಲ್ಲಿ ಉದಾಹರಣೆಯಾಗಿ ಹಾಕಿಕೊಳ್ಳಲಾ? ಬ್ಯಾಡ ಅನ್ನಬೇಡ.

ಹರಿಪ್ರಿಯಾ


ಸಂಡೂರು
30 ಆಗಸ್ಟ್ 2005

ಚಿ. ಹರಿಪ್ರಿಯಾಳಿಗೆ,

ನೀನು ಹೇಳಿದ್ದು ಸರಿಹೋಯಿತು. ಸುತ್ತು ಕೂಡಿತು.

ಮನೆಯಲ್ಲಿ ಒಂದು ಸಂತೋಷದ ಸುದ್ದಿ. ಶ್ರೀವಾಣಿಗೆ ಮೂರು ತಿಂಗಳು. ಮ್ಯಾನೇಜರ್ ಮನೆಗೇ ಬಂದು ಪೇಡೆ ಕೊಟ್ಟು ಹೋದರು. ಕ್ವಾರ್ಟರ್ಸಿನಲ್ಲಿ ಇನ್ನೊಂದು ಕೋಣೆ ಹೆಚ್ಚಾಗಿ ಕೊಡುತ್ತಾರಂತೆ. ನನ್ನ ಡಿಪ್ಲೊಮಾ ಸರ್ಟಿಫಿಕೇಟು, ಲೈಸೆನ್ಸು ಎಲ್ಲವೂ ಸೇರುವಾಗಿನಿಂದ ಅವರ ಬೀರುವಿನಲ್ಲೇ ಇವೆ. ನಕಲು ತೆಗೆಸಿಕೊಳ್ಳುತ್ತೇನೆ ಅಂದೆ. "ಎಲ್ಲಿ ಹೊಂಟೀರಿ ಪ್ರಾಣೇಶ? ಇಲ್ಲೇ ಇರೋರಿಗೆ ನಕಲು ಯಾಕ್ರಿ?" ಅಂತ ನಕ್ಕರು. ನಾನೂ ನಕ್ಕೆ.

ಒಂದು ತಮಾಷೆ ಕೇಳು. ಗುಡ್ಡದ ಬುಡದಲ್ಲಿ ಯಲ್ಲಕ್ಕ ಅಂತ ಒಬ್ಬ ಮುದುಕಿಯ ಹೊಲವಿದೆ. ದಿನಾ ಬಂದು ನಮ್ಮ ಕ್ಯಾಂಪಿನ ಮುಂದೆ ಕೂರುತ್ತಾಳೆ. ಮೊನ್ನೆ ನನ್ನ ಕೈಲಿ ಟೇಪು ನೋಡಿ, "ಸ್ವಾಮೇರ, ನಿಮ್ಮ ಕಲ್ಲು ನನ್ನ ಹೊಲದಾಗ ಬಂದು ನಿಂತೈತ್ರಿ. ದಾರಿ ತಪ್ಪಿ ಬಂದೈತೇನ, ಕರಕೊಂಡು ಹೋಗ್ರಿ" ಅಂದಳು. ಅಳತೆಯ ಚೈನ್ ಹಿಡಿಯುವ ನಮ್ಮ ಮಾರೆಪ್ಪ ಮುಖ ಆಚೆ ತಿರುಗಿಸಿಕೊಂಡ.

ಪ್ರಬಂಧದಲ್ಲಿ ನನ್ನ ವಿಷಯ ಬೇಡ.

ಪ್ರಾಣೇಶ


ಕೋಲ್ಕತ್ತ
18 ಸೆಪ್ಟೆಂಬರ್ 2005

ಅಣ್ಣಾ,

ವೈನಿಯ ಸುದ್ದಿ ಓದಿ ಹಾಸ್ಟೆಲಿನ ಇಡೀ ಮಹಡಿಗೆ ಇಲ್ಲಿಯ ಸಂದೇಶ್ ಮಿಠಾಯಿ ಹಂಚಿದೆ. ಯಲ್ಲಕ್ಕನ ಮಾತನ್ನು ನನ್ನ ಗೈಡಿಗೆ ಬಂಗಾಳಿಯಲ್ಲಿ ಹೇಳಿ ನಗಿಸಿದೆ. ದಾರಿ ತಪ್ಪಿದ ಕಲ್ಲು! ಎಂಥ ಮುದುಕಿ! ಅವಳನ್ನು ನಾನು ನೋಡಲೇಬೇಕು, ಡಿಸೆಂಬರಿನಲ್ಲಿ ಬರುತ್ತೇನೆ.

ನಾಲ್ಕನೇ ಅಧ್ಯಾಯ ಮುಗಿಯಿತು. "ಹೊರಸುತ್ತಿಗೆ ಸಂಬಂಧಿಸಿದಂತೆ ಒಳಗೆ ಏನೂ ಆಗಿಲ್ಲವೆಂದೇ ತಿಳಿಯಬಹುದು" ಅನ್ನುವ ವಾಕ್ಯದ ಕೆಳಗೆ ಗೈಡು ಪೆನ್ಸಿಲಿನಲ್ಲಿ ಗೆರೆ ಎಳೆದು 'ಸುಂದರ' ಅಂತ ಬರೆದಿದ್ದಾರೆ. ನೀನು ಬೇಡ ಅಂದರೂ ಮೊದಲ ಪುಟದಲ್ಲಿ ಬರೆದಾಯಿತು, ಈ ಅಧ್ಯಾಯದ ಪ್ರಶ್ನೆಯನ್ನು ಕೇಳಿದವನು ನನ್ನ ಅಣ್ಣ ಪ್ರಾಣೇಶ ಅಂತ. ನಿನ್ನ ಸಂಕೋಚ ನನಗೆ ಗೊತ್ತಿಲ್ಲವೇ?

ಹರಿಪ್ರಿಯಾ


ಸಂಡೂರು
10 ನವೆಂಬರ್ 2005

ಹರಿಪ್ರಿಯಾ,

ಹೆಸರು ತೆಗೆ. ಇದು ಸಂಕೋಚವಲ್ಲ.

ಡಿಸೆಂಬರಿನಲ್ಲಿ ಬಂದರೆ ಹೊಸಪೇಟೆಯಲ್ಲೇ ಇಳಿ, ನಾನೇ ಬರುತ್ತೇನೆ. ಲಾರಿಗಳ ಸಾಲಿನಲ್ಲಿ ಸಂಡೂರಿನ ದಾರಿ ಮೂರು ತಾಸು ಹಿಡಿಯುತ್ತದೆ. ಗುಡ್ಡದಲ್ಲಿ ನೋಡುವಂಥದ್ದು ಏನೂ ಉಳಿದಿಲ್ಲ.

ಪ್ರಾಣೇಶ


ಕೋಲ್ಕತ್ತ
6 ಜನವರಿ 2006

ಅಣ್ಣಾ,

ನಾಲ್ಕು ದಿನ ಊರಲ್ಲಿದ್ದೆ. ಹಂಪಿ ಬಜಾರಿನಲ್ಲಿ ನೀನು ನನಗೆ ಬೇಡದ ಚೀಲ ಕೊಡಿಸಿದೆ, ಕಂಪ್ಲಿಗೆ ಕರೆದೊಯ್ದು ಹೊಳೆ ತೋರಿಸಿದೆ, ದರೋಜಿಯಲ್ಲಿ ಬಂಡೆ ಮೇಲೆ ಕರಡಿ ಬರುತ್ತದೆಂದು ಮೂರು ಗಂಟೆ ಕೂರಿಸಿದೆ. ನೀನು ಇಷ್ಟು ಊರು ತೋರಿಸುವವನೇ ಅಲ್ಲ. ಕೊನೆಯ ದಿನ ಅಮ್ಮನನ್ನೂ ವೈನಿಯನ್ನೂ ನೋಡಲು ಸಂಡೂರಿಗೆ ಬಂದಾಗ ನೀನು ಆಫೀಸಿಗೆ ಹೋಗಿದ್ದೆ. ನಾನು ಮಾರೆಪ್ಪನನ್ನು ಕಾಡಿ ಬೇಡಿ ಗುಡ್ಡದ ಬುಡಕ್ಕೆ ಹೋದೆ. ಅವನನ್ನು ಬಯ್ಯಬೇಡ.

ಯಲ್ಲಕ್ಕ ಕಂಪನಿಯ ಹೊಸ ಮುಳ್ಳುತಂತಿಯ ಈಚೆ ಕೂತಿದ್ದಳು. ತಮಾಷೆಯ ಮುದುಕಿಯನ್ನು ನೋಡಲು ಹೋಗಿದ್ದೆನಲ್ಲ, ನಗು ಮುಖದ ಮೇಲಿಟ್ಟುಕೊಂಡೇ ಮಾತಾಡಿಸಿದೆ. "ನೀವು ಸರ್ವೆ ಸ್ವಾಮೇರ ತಂಗ್ಯೇನ್ರಿ?" ಅಂದಳು. ಹೌದು ಅಂದೆ. "ಹಂಗಾರ ಕೇಳ್ರಿ ಅಕ್ಕಾರ. ಆ ಬಾವಿ ನಮ್ಮಪ್ಪ ತೋಡಿದ್ದು. ದೀಪಾವಳಿ ಮಟ ಈಚೆ ಇತ್ತು, ಈಗ ತಂತಿ ಆಚೆ ಐತಿ. ನಾನೂ ಇಲ್ಲೇ ಅದೀನಿ, ಬಾವಿನೂ ಅಲ್ಲೇ ಐತಿ. ನಡುವ ತಂತಿ ಹೆಂಗ ಬಂತ್ರಿ?" ಅವಳು ಬೈಯಲಿಲ್ಲ. ಓದಿದವಳು, ಗೊತ್ತಿದ್ದೀತು ಅಂತ ಕೇಳಿದಳು. ನಾನು ಎದ್ದು ಬಂದೆ. ನಿನ್ನ ಮುಖ ನೋಡಲು ಆಗದೆ ಬೇಗ ಬಸ್ಸು ಹತ್ತಿದೆ.

ತಂತಿಯಿಂದ ಬಾವಿಯಾಚೆಗೆ ಕಿತ್ತ ಕಲ್ಲಿನ ಗುಂಡಿಯವರೆಗೆ ಎಷ್ಟು ದೂರ ಅಂತ ಮಾರೆಪ್ಪನನ್ನು ಕೇಳಿದ್ದೆ. ನಲವತ್ತು ಅಂದ.

ರೈಲಿನಲ್ಲಿ ಎರಡು ದಿನ ನಾನು ನಾಲ್ಕನೇ ಅಧ್ಯಾಯವನ್ನೇ ಓದಿದೆ. ಎರಡು ವಿರುದ್ಧ ತಪ್ಪುಗಳನ್ನು ಎದುರುಬದುರು ಇಟ್ಟರೆ ಹೊರಸುತ್ತು ಕೂಡುತ್ತದೆ, ನಿಜ. ಆದರೆ ಆ ಎರಡರ ನಡುವೆ ಒಂದು ಸಾಲು ಹೆಚ್ಚಾಗಿ ಕೂತಿರುತ್ತದೆ. ಆ ಸಾಲಿಗೆ ಜಾಗ ಆಕಾಶದಿಂದ ಬರುವುದಿಲ್ಲ, ಪಕ್ಕದವರನ್ನು ಒತ್ತಿಯೇ ಬರಬೇಕು. ಇಷ್ಟು ದಿನ ನಾನು ಹೊರಗೆ ನಿಂತು ಸುತ್ತು ಹಾಕುತ್ತಿದ್ದೆ, ನಡುವೆ ಯಾರಿದ್ದಾರೆ ಅಂತ ಒಮ್ಮೆಯೂ ಬಗ್ಗಿ ನೋಡಲಿಲ್ಲ. ಅದಕ್ಕೆ 'ಸುಂದರ' ಅನ್ನಿಸಿಕೊಂಡೆ.

ಅಣ್ಣಾ, ಅದು ಹಳೆಯ ಸ್ಕೆಚ್ಚಾಗಿತ್ತೇ?

ಹರಿಪ್ರಿಯಾ


ಸಂಡೂರು
19 ಫೆಬ್ರವರಿ 2006

ಹರಿಪ್ರಿಯಾಳಿಗೆ,

ಆರು ವಾರದಲ್ಲಿ ಆರು ಸಲ ಬರೆದು ಹರಿದೆ. ಇದನ್ನು ಕಳಿಸುತ್ತೇನೆ.

ಹಳೆಯದಲ್ಲ. ಕಂಪನಿಯ ಗಣಿಯ ಗಡಿ ಅದು. ಉತ್ತರದ ಒಂದು ಗೆರೆಯನ್ನು ಮ್ಯಾನೇಜರ್ ಕಾಗದದ ಮೇಲೆ ನಲವತ್ತು ಮೀಟರು ಪೂರ್ವಕ್ಕೆ ಎಳೆಸಿದ್ದರು, ಗುಡ್ಡದ ಹೆಗಲಿನಲ್ಲಿ ಒಳ್ಳೆಯ ಅದಿರಿದೆ. ವಾಪಸು ಬರುವ ದಕ್ಷಿಣದ ಗೆರೆಯನ್ನು ಮರೆತರು. ಕೂಡದ ಸ್ಕೆಚ್ಚನ್ನು ಸರ್ಕಾರಿ ಕಚೇರಿ ಮುಟ್ಟುವುದಿಲ್ಲ. "ಕೂಡಿಸಿ ಸಹಿ ಹಾಕ್ರಿ" ಅಂತ ನನ್ನ ಮುಂದಿಟ್ಟರು. ನಾನು ದಕ್ಷಿಣದ ಗೆರೆಗೂ ನಲವತ್ತು ಸೇರಿಸಿದೆ. ಪೂರ್ವದ ಆರು ಕಲ್ಲುಗಳು ಅಷ್ಟೇ ದೂರ ಹೊರಗೆ, ಯಲ್ಲಕ್ಕನ ಹೊಲದೊಳಕ್ಕೆ ಬಂದವು. ಮಾರೆಪ್ಪ ಕಿತ್ತ, ನಾನು ಅಳೆದು ನೆಡಿಸಿದೆ.

ನಿನ್ನಿಂದ ಕಲಿತೆ ಅಂತ ಅಂದುಕೊಂಡು ಕೊರಗಬೇಡ. ಇನ್ನೊಂದು ಗೆರೆ ಎಳೆದರೆ ಸುತ್ತು ಕೂಡುತ್ತದೆ ಅಂತ ಯಾವ ಸರ್ವೇಯರಿಗೂ ಗೊತ್ತು. ನಿನ್ನನ್ನು ಕೇಳಿದ್ದು ಬೇರೆ ಕಾರಣಕ್ಕೆ. ನಿನ್ನ ಬಾಯಲ್ಲಿ ಬಂದರೆ ಅದು ಗಣಿತ ಆಗುತ್ತಿತ್ತು. ಗಣಿತ ಅಂದುಕೊಂಡು ಸಹಿ ಹಾಕಿದೆ. ಮೋಸ ಅಂದುಕೊಂಡಿದ್ದರೆ ಹಾಕುತ್ತಿರಲಿಲ್ಲವೇನೋ. ನಿನಗೆ ನಾನು ಮಾಡಿದ ಅನ್ಯಾಯ ಇದು, ಯಲ್ಲಕ್ಕನಿಗೆ ಮಾಡಿದ್ದು ಬೇರೆ.

ಈಗ ಯಾವ ಕಡೆಗೂ ಹೊರಳಲು ಆಗುತ್ತಿಲ್ಲ. ಸಹಿ ನನ್ನದು, ಮ್ಯಾನೇಜರರದಲ್ಲ. ಬಾಯಿಬಿಟ್ಟರೆ ಮೊದಲು ಸಿಕ್ಕುವವನು ನಾನು. ಸರ್ಟಿಫಿಕೇಟು ಅವರ ಬೀರುವಿನಲ್ಲಿ. ಮನೆ ಅವರದು, ಗೇಟು ಅವರದು. ಶ್ರೀವಾಣಿಗೆ ಮುಂದಿನ ತಿಂಗಳು ದಿನ ತುಂಬುತ್ತದೆ. ನಿನ್ನ ಸುರಂಗದ ಮಾತು ನೆನಪಾಗುತ್ತದೆ. ನಡೆಯುತ್ತಲೇ ಇದ್ದೇನೆ, ಅದೇ ತಿರುವು ಮತ್ತೆ ಬರುತ್ತದೆ. ಹೆದರಿಕೆಯಾಗುತ್ತದೆ, ಪುಟ್ಟೀ.

ಅಣ್ಣ


ಕೋಲ್ಕತ್ತ
2 ಮಾರ್ಚ್ 2006

ಅಣ್ಣಾ,

ಸಿಟ್ಟು ಬಂದಿತ್ತು. ಎರಡು ದಿನ ಊಟ ಸೇರಲಿಲ್ಲ. ಕಡೆಯ ಸಾಲಿನಲ್ಲಿ ಪುಟ್ಟೀ ಅಂತ ಯಾಕೆ ಬರೆದೆ? ಅಪ್ಪ ಹೋದ ದಿನ ಹಾಗೆ ಕರೆದಿದ್ದೆ, ಆಮೇಲೆ ಈಗಲೇ.

ಏನು ಮಾಡು ಅಂತ ಇಲ್ಲಿ ಕೂತು ನಿನಗೆ ಹೇಳುವ ಮುಖ ನನಗಿಲ್ಲ. ನನ್ನ ಪಾಲಿನದನ್ನು ಮಾಡಿದ್ದೇನೆ. 'ಏನೂ ಆಗಿಲ್ಲ' ಅನ್ನುವ ವಾಕ್ಯ ಹೊಡೆದುಹಾಕಿದೆ. ನಡುವಿನ ಸಾಲು ಎಷ್ಟು ಒತ್ತುತ್ತದೆ, ಆ ಒತ್ತಡ ಯಾರ ಮೇಲೆ ಬೀಳುತ್ತದೆ ಅಂತ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕು. ಪ್ರಬಂಧ ಒಪ್ಪಿಸುವುದು ಒಂದು ವರ್ಷ ತಡವಾಗುತ್ತದೆ. ಗೈಡು ಹುಬ್ಬು ಗಂಟಿಕ್ಕಿದರು, ಗಂಟಿಕ್ಕಲಿ.

ನಿನ್ನ ಹೆಸರನ್ನೂ ತೆಗೆದೆ.

ಹರಿಪ್ರಿಯಾ


ಕಂಪ್ಲಿ
2 ಏಪ್ರಿಲ್ 2006

ಚಿ. ಹರಿಪ್ರಿಯಾಳಿಗೆ,

ವಿಳಾಸ ನೋಡು. ಕೋಟೆಯ ಕಡೆ ಎರಡು ಕೋಣೆಯ ಮನೆ. ಅಪ್ಪನ ಕುರ್ಚಿ ಬಾಗಿಲಲ್ಲಿ ಹಿಡಿಸದೆ ಕಿಟಕಿ ಕಿತ್ತು ತರಬೇಕಾಯಿತು. ಮಾರ್ಚ್ ಹನ್ನೊಂದಕ್ಕೆ ಹೆಣ್ಣುಮಗು. ಅಮ್ಮ ಬೀದಿಗೆ ಹೋಗಿಬರುವಾಗೆಲ್ಲ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ, ಹೆಸರು ಬರೆಯಬೇಕೇನೋ ಅಂತ.

ಮಗು ಹುಟ್ಟಿದ ನಾಲ್ಕನೇ ದಿನ ಹೋಗಿ ಸರ್ವೆ ಕಚೇರಿಯಲ್ಲಿ ಎರಡು ಸ್ಕೆಚ್ಚು ಕೊಟ್ಟೆ, ನಾನು ಕೂಡಿಸಿದ್ದು ಒಂದು, ಕೂಡದೇ ಇದ್ದದ್ದು ಒಂದು. ಎರಡಕ್ಕೂ ಸಹಿ ನನ್ನದೇ. ಅದೇ ದಿನ ಸಂಜೆಗೆ ಕ್ವಾರ್ಟರ್ಸು ಬಿಡಲು ನೋಟೀಸು ಬಂತು. ಸರ್ಟಿಫಿಕೇಟು ಇನ್ನೂ ಬೀರುವಿನಲ್ಲೇ ಇದೆ. ನನ್ನ ಮೇಲೆ ಕೇಸು ಆಗುತ್ತದಂತೆ, ಆಗಬೇಕಾದದ್ದೇ. ಹೆದರಿಕೆ ಹೋಗಿದೆ ಅಂತ ಸುಳ್ಳು ಹೇಳಲಾರೆ.

ಮೊನ್ನೆ ಸರ್ವೆ ಕಚೇರಿಯ ಅಧಿಕಾರಿಯೊಬ್ಬರು ಜಾಗ ನೋಡಲು ಬಂದರು. ಒಂದೇ ತಾಸು ಅಂತ ಕಂಪನಿಯವರು ನಮ್ಮಿಬ್ಬರನ್ನು ತಂತಿಯೊಳಗೆ ಬಿಟ್ಟರು. ಮಾರೆಪ್ಪನನ್ನು ಕಳಿಸಲಿಲ್ಲ. ಯಲ್ಲಕ್ಕನನ್ನು ಕಾವಲಿನವನು ಒಳಗೆ ಬಿಡಲಿಲ್ಲ. ನಾನು ಹಳೆಯ ಕಲ್ಲಿನ ಗುಂಡಿ ಹುಡುಕಿ, ಮೇಲೆ ಸುರಿದಿದ್ದ ಅದಿರಿನ ಪುಡಿ ತೆಗೆದು, ಟೇಪಿನ ಒಂದು ತುದಿ ಅಲ್ಲಿ ಒತ್ತಿ ಹಿಡಿದು ಕೂತೆ. ಇನ್ನೊಂದು ತುದಿ ಹಿಡಿಯುವವರು ಯಾರೂ ಇಲ್ಲ. ಅಧಿಕಾರಿಯೇ ಅದನ್ನು ಎಳೆದುಕೊಂಡು ಹೋಗಿ ತಂತಿಯ ಸಂದಿಯಲ್ಲಿ ಆಚೆ ತೂರಿಸಿದರು. ಯಲ್ಲಕ್ಕ ಹಿಡಿದಳು. ಟೇಪು ಅವಳ ಬಾವಿಯ ಕಟ್ಟೆಗೆ ತಾಗಿಕೊಂಡೇ ಹೋಗಿತ್ತು.

"ಎಷ್ಟೈತಿ ನೋಡಿ ಹೇಳಮ್ಮ" ಅಂದರು ಅಧಿಕಾರಿ.

"ನನಗ ಓದಾಕ ಬರಂಗಿಲ್ರಿ. ನಾ ನಿಂತಲ್ಲಿಂದ ಸ್ವಾಮೇರು ಕುಂತಲ್ಲಿ ಮಟ ನಂದ್ರಿ. ಬರಕೊಳ್ರಿ" ಅಂದಳು.

ಅವರು ಬಗ್ಗಿ ಓದಿ ನಲವತ್ತು ಅಂತ ಬರೆದುಕೊಂಡರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಪ್ರಾಣೇಶ, ಕೂಡಲಾರದ ಸ್ಕೆಚ್ಚನ್ನ ನಾ ಮ್ಯಾಲೆ ಹೆಂಗ ಕಳಸ್ಲಿ? ಒಂದೀಟು ಹೊಂದಿಸಿ ಕೊಟ್ಟುಬಿಡ್ರಿ" ಅಂದರು. ಇಲ್ರಿ ಸರ್, ತಪ್ಪು ಎಲ್ಲಿ ಐತೋ ಅಲ್ಲಿಂದ ಹೊರಗ ಹಾಕಿದ ಮ್ಯಾಲೆ ಅದರಷ್ಟಕ್ಕೇ ಕೂಡತೈತಿ, ಅಲ್ಲಿ ಮಟ ಹಿಂಗ ಇರಲಿ ಅಂದೆ. ತಾಸು ಮುಗಿಯಿತು ಅಂತ ಕಾವಲಿನವನು ಕೂಗಿದ. ನಾನು ಟೇಪು ಬಿಟ್ಟೆ. ಯಲ್ಲಕ್ಕ ಬಿಡಲಿಲ್ಲ. ಯಾರೂ ಹೇಳದಿದ್ದರೂ ಆಚೆ ನಿಂತು, ಮೊಳಕ್ಕೆ ಮೊಳ, ಇಡೀ ಟೇಪನ್ನು ತನ್ನ ಕಡೆಗೆ ಎಳೆದುಕೊಂಡು ಸುತ್ತಿಕೊಂಡಳು.

ತಂತಿ ಇನ್ನೂ ಅಲ್ಲೇ ಇದೆ. ಯಾವಾಗ ತೆಗೆಯುತ್ತಾರೋ, ತೆಗೆಯುತ್ತಾರೋ ಇಲ್ಲವೋ, ಗೊತ್ತಿಲ್ಲ.

ನಿನ್ನ ಪ್ರಬಂಧದಲ್ಲಿ ನನ್ನ ಹೆಸರು ಮತ್ತೆ ಹಾಕು. ಏನು ಮಾಡಿದವನು ಅಂತಲೂ ಬರಿ. ಅದರ ಪಕ್ಕದಲ್ಲಿ ಯಲ್ಲಕ್ಕನ ಹೆಸರನ್ನೂ ಹಾಕು. ನಾಲ್ಕನೇ ಅಧ್ಯಾಯದ ಪ್ರಶ್ನೆಯನ್ನು ನಿಜವಾಗಿ ಕೇಳಿದವಳು ಅವಳು, ನಾನಲ್ಲ.

ಅಣ್ಣ